ಓದುಗರ ಪ್ರಶ್ನೆ: ಕಾಲಿಗೆ ಯಾಕೆ ಹೊಡೆಯುವುದಿಲ್ಲ?

ಪ್ರಶ್ನೆ: ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ಯಾರಾದರೂ ಸತ್ತ ಸುದ್ದಿ ಬಂದಾಗಲೆಲ್ಲ ಇದೇ ಅನುಮಾನ. ಎದೆಗೇ ಯಾಕೆ ಗುರಿಯಿಡುತ್ತಾರೆ? ಕಾಲಿಗೆ ಹೊಡೆದು ಹಿಡಿಯಬಾರದೇ?

ಉತ್ತರ: ಗುಂಡು ಎಲ್ಲೇ ಬೀಳಲಿ, ಟ್ರಿಗರ್ ಎಳೆದರೆ ಅಲ್ಲಿನ ಕಾನೂನಿನ ಲೆಕ್ಕದಲ್ಲಿ ಅದು ಪ್ರಾಣಾಂತಕ ಬಲಪ್ರಯೋಗವೇ. ಯಾರದೋ ಜೀವಕ್ಕೆ ಕುತ್ತು ಅಥವಾ ಗಂಭೀರ ಗಾಯದ ಅಪಾಯ ಇದ್ದರೆ ಮಾತ್ರ ಹಾರಿಸಬಹುದು, ಇಲ್ಲದಿದ್ದರೆ ಕಾಲಿಗೂ ಹಾರಿಸುವಂತಿಲ್ಲ. ಇನ್ನು ಕಾಲೆಂದರೆ ಸುರಕ್ಷಿತ ಜಾಗವೂ ಅಲ್ಲ. ತೊಡೆಯಲ್ಲಿರುವ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗುತ್ತದೆ. ಓಡುವವನ ಕಾಲು ಒಂದು ಕ್ಷಣವೂ ನಿಲ್ಲುವುದಿಲ್ಲ, ತಪ್ಪಿದ ಗುಂಡು ಹಿಂದಿದ್ದವರಿಗೆ ತಗಲುತ್ತದೆ. ಹಾಗಾಗಿ ಮುಂಡದ ನಡುಭಾಗಕ್ಕೆ ಗುರಿಯಿಟ್ಟು, ಅಪಾಯ ನಿಲ್ಲುವವರೆಗೆ ಹಾರಿಸಿ ಎಂದೇ ಕಲಿಸುತ್ತಾರೆ.

ಆದರೆ ನಿಜವಾಗಿ ಕೇಳಬೇಕಾದ್ದು, ಟ್ರಿಗರ್ ಎಳೆಯುವ ಹಂತಕ್ಕೆ ಪ್ರಸಂಗ ಹೇಗೆ ಬಂತು ಅನ್ನುವುದನ್ನು. ಒಳ್ಳೆಯ ತರಬೇತಿಯಲ್ಲಿ ಮೂರು ಮಾತು ಮತ್ತೆ ಮತ್ತೆ ಬರುತ್ತವೆ: ಸಮಯ, ಅಂತರ, ಮರೆ. ದೂರ ನಿಂತರೆ, ಕಾರಿನ ಮರೆಯಲ್ಲಿ ನಿಂತರೆ ಯೋಚಿಸಲು ಸಮಯ ಸಿಗುತ್ತದೆ. 2014ರ ನವೆಂಬರ್ 22ರಂದು ಕ್ಲೀವ್‌ಲ್ಯಾಂಡ್‌ನ ಉದ್ಯಾನವೊಂದರಲ್ಲಿ ಆಟಿಕೆ ಪಿಸ್ತೂಲು ಹಿಡಿದಿದ್ದ 12 ವರ್ಷದ ಟಮೀರ್ ರೈಸ್ ಪ್ರಕರಣ ನೋಡಿ. ಕರೆ ಮಾಡಿದವರು "ಬಹುಶಃ ನಕಲಿ ಇರಬೇಕು", "ಬಹುಶಃ ಹುಡುಗ" ಎಂದಿದ್ದರು. ಆ ಎರಡು ಮಾತು ಗಸ್ತು ಕಾರಿಗೆ ತಲುಪಲೇ ಇಲ್ಲ. ಕಾರು ಹುಲ್ಲಿನ ಮೇಲೇ ನುಗ್ಗಿ ಹುಡುಗನ ಕೆಲವೇ ಅಡಿ ಹತ್ತಿರ ನಿಂತಿತು, ಎರಡು ಸೆಕೆಂಡಿನೊಳಗೆ ಗುಂಡು ಹಾರಿತು. ಸಮಯ, ಅಂತರ, ಮರೆ ಮೂರನ್ನೂ ಕಾರು ನಿಲ್ಲುವ ಮೊದಲೇ ಕಳೆದುಕೊಂಡಿದ್ದರು. ಈ ಮೂರನ್ನೇ ತಿದ್ದಿಸುವ ತರಬೇತಿಯನ್ನು ಲೂಯಿವಿಲ್ ನಗರದ ಪೊಲೀಸರಿಗೆ ಕೊಟ್ಟು ಅಧ್ಯಯನ ಮಾಡಿದಾಗ ಬಲಪ್ರಯೋಗದ ಪ್ರಸಂಗಗಳು ಶೇ 28ರಷ್ಟು ಇಳಿದಿದ್ದವು.

ಪ್ರಶ್ನೆ: ಪೊಲೀಸ್ "ನನಗೆ ಜೀವಭಯವಾಯಿತು" ಎಂದರೆ ಸಾಕೇ? ಕಾನೂನು ಏನು ಹೇಳುತ್ತದೆ?

ಉತ್ತರ: ಬರೀ ಹಾಗೆಂದರೆ ಸಾಲದು. ಆ ಭಯಕ್ಕೆ ಬೇರೆಯವರೂ ಒಪ್ಪುವಂಥ ಕಾರಣ ಬೇಕು. ಅಮೆರಿಕದ ಸುಪ್ರೀಂ ಕೋರ್ಟಿನ 1985ರ ಟೆನೆಸ್ಸಿ ವಿರುದ್ಧ ಗಾರ್ನರ್ ತೀರ್ಪು, ಓಡಿಹೋಗುತ್ತಿದ್ದಾನೆ ಎಂಬ ಒಂದೇ ಕಾರಣಕ್ಕೆ ಗುಂಡು ಹೊಡೆಯುವುದನ್ನು ನಿಲ್ಲಿಸಿತು. ಮೆಂಫಿಸ್‌ನಲ್ಲಿ ಬೇಲಿ ಹತ್ತುತ್ತಿದ್ದ 15 ವರ್ಷದ ನಿರಾಯುಧ ಹುಡುಗನ ತಲೆಯ ಹಿಂಭಾಗಕ್ಕೆ ಗುಂಡು ಬಿದ್ದಿತ್ತು, ಅವನ ಬಳಿ ಸಿಕ್ಕಿದ್ದು 10 ಡಾಲರ್ ಮತ್ತು ಒಂದು ಪರ್ಸ್.

1989ರ ಗ್ರಹಾಂ ವಿರುದ್ಧ ಕಾನರ್ ತೀರ್ಪೇ ಇಂದಿಗೂ ಅಳತೆಗೋಲು. ಅದರಲ್ಲಿ ಗುಂಡಿನ ಪ್ರಸಂಗವೇ ಇಲ್ಲ. ಸಕ್ಕರೆ ಕಾಯಿಲೆಯವರೊಬ್ಬರು ರಕ್ತದ ಸಕ್ಕರೆ ಇಳಿಯುತ್ತಿದೆ ಎಂದು ಕಿತ್ತಳೆ ರಸಕ್ಕಾಗಿ ಅಂಗಡಿಗೆ ಓಡಿ, ಸಾಲು ಉದ್ದವಿದ್ದುದರಿಂದ ಕೂಡಲೇ ಹೊರಬಂದರು. ಅಷ್ಟಕ್ಕೇ ಅನುಮಾನಗೊಂಡು ಪೊಲೀಸರು ಹಿಡಿದರು, ಎಳೆದಾಟದಲ್ಲಿ ಕಾಲಿನ ಮೂಳೆ ಮುರಿಯಿತು. ಆ ಸ್ಥಳದಲ್ಲಿದ್ದ ವಿವೇಕವುಳ್ಳ ಪೊಲೀಸ್ ಅಧಿಕಾರಿಯೊಬ್ಬ ಹೀಗೆ ಮಾಡುತ್ತಿದ್ದನೇ ಎಂದು ನೋಡಬೇಕು, ಆಮೇಲೆ ತಿಳಿದ ಸಂಗತಿಗಳಿಂದ ಅಳೆಯಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿತು.

ಇದರಿಂದ ತೊಡಕೂ ಆಯಿತು. ಕೆಲವು ಕೆಳ ನ್ಯಾಯಾಲಯಗಳು ಗುಂಡು ಹಾರಿದ ಆ ಒಂದು ಕ್ಷಣವನ್ನು ಮಾತ್ರ ನೋಡತೊಡಗಿದವು. ಕಾರಿನ ಮುಂದೆ ತಾನೇ ಹೋಗಿ ನಿಂತು "ಕಾರು ಮೇಲೆ ಬಂತು" ಎಂದರೂ ನಡೆಯುತ್ತಿತ್ತು. 2025ರ ಮೇನಲ್ಲಿ ಬಾರ್ನ್ಸ್ ವಿರುದ್ಧ ಫೆಲಿಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಇದನ್ನು ತಳ್ಳಿಹಾಕಿತು: ಪ್ರಸಂಗವನ್ನು ಮೊದಲಿನಿಂದ ನೋಡಿ ಎಂದಿತು. ಆದರೆ ಅಪಾಯವನ್ನು ಪೊಲೀಸನೇ ತಂದುಕೊಂಡಿದ್ದರೆ ಏನು ಎಂಬುದನ್ನು ಅದೂ ತೀರ್ಮಾನಿಸಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿಯಿಂದ ರಾಜ್ಯದ ಕಾನೂನೇ ಬಿಗಿಯಾಗಿದೆ. ಪ್ರಾಣರಕ್ಷಣೆಗೆ 'ಅಗತ್ಯ'ವಿತ್ತೇ ಎಂದು ಕೇಳುತ್ತದೆ, ಗುಂಡಿಗೆ ಮುಂಚೆ ಪೊಲೀಸ್ ಏನು ಮಾಡಿದ ಎನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಪ್ರಶ್ನೆ: ಪೊಲೀಸರ ಗುಂಡಿಗೆ ಸಾಯುವವರಲ್ಲಿ ಬಿಳಿಯರೇ ಹೆಚ್ಚಂತೆ. ಹಾಗಿದ್ದ ಮೇಲೆ ವರ್ಣಭೇದದ ಮಾತು ಯಾಕೆ?

ಉತ್ತರ: ತಲೆ ಎಣಿಸಿದರೆ ಬಿಳಿಯರೇ ಹೆಚ್ಚು, ನಿಜ. ದೇಶದಲ್ಲಿ ಅವರ ಸಂಖ್ಯೆಯೇ ಹೆಚ್ಚು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ 2015ರಿಂದ 2024ರವರೆಗೆ ಇಟ್ಟ ಲೆಕ್ಕದಂತೆ ವರ್ಷಕ್ಕೆ ಸುಮಾರು 1,000 ಮಂದಿ ಪೊಲೀಸರ ಗುಂಡಿಗೆ ಸಾಯುತ್ತಾರೆ. ಜನಸಂಖ್ಯೆಗೆ ಹೋಲಿಸಿದರೆ ಕಪ್ಪುವರ್ಣೀಯರ ಸಾವಿನ ಪ್ರಮಾಣ ಬಿಳಿಯರದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು.

ಇಲ್ಲಿಂದಾಚೆ ವಾದವೆಲ್ಲ ಭಾಗಾಕಾರದ್ದು. ಜನಸಂಖ್ಯೆಯಿಂದ ಯಾಕೆ ಭಾಗಿಸುತ್ತೀರಿ, ಪೊಲೀಸರು ಎದುರಾದವರ ಸಂಖ್ಯೆಯಿಂದ ಭಾಗಿಸಿ ಎನ್ನುವವರಿದ್ದಾರೆ. ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ 2016ರಲ್ಲಿ ಹಾಗೆ ಲೆಕ್ಕ ಹಾಕಿದಾಗ ಗುಂಡಿನಲ್ಲಿ ಭೇದ ಕಾಣಲಿಲ್ಲ, ಆದರೆ ತಳ್ಳುವುದು, ಕೋಳ ಹಾಕುವುದು ಮುಂತಾದವುಗಳಲ್ಲಿ ಸ್ಪಷ್ಟವಾಗಿ ಕಂಡಿತು. ಅದಕ್ಕೆ ಬಂದ ಆಕ್ಷೇಪ ಗಟ್ಟಿಯಾದದ್ದು ಎಂದೇ ನಮ್ಮ ಅಭಿಪ್ರಾಯ. ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡಿ. ಗಂಭೀರ ಕಾರಣಕ್ಕೆ 100 ಬಿಳಿಯರನ್ನು ತಡೆದರು, 10 ಮಂದಿಯ ಮೇಲೆ ಬಲಪ್ರಯೋಗ: ಶೇ 10. ಅಂಥದ್ದೇ ಕಾರಣಕ್ಕೆ 100 ಕಪ್ಪುವರ್ಣೀಯರನ್ನು ತಡೆದರು, 15 ಮಂದಿಯ ಮೇಲೆ. ಜೊತೆಗೆ ಯಾವ ಕಾರಣವೂ ಇಲ್ಲದೆ ಇನ್ನೂ 100 ಮಂದಿಯನ್ನು ತಡೆದರು, 2 ಮಂದಿಯ ಮೇಲೆ. ಒಟ್ಟು 200ಕ್ಕೆ 17, ಅಂದರೆ ಶೇ 8.5. ಭೇದ ಎರಡು ಕಡೆ ನಡೆದಿದೆ, ಕಡತದಲ್ಲಿ ಮಾತ್ರ ಕಪ್ಪುವರ್ಣೀಯರ ಮೇಲೆಯೇ ಮೃದುವಾಗಿದ್ದಂತೆ ಕಾಣುತ್ತದೆ! ಯಾರನ್ನು ತಡೆಯುತ್ತಾರೆ ಎಂಬಲ್ಲೇ ಭೇದವಿದ್ದರೆ, ತಡೆದ ನಂತರದ ಕಡತದಿಂದ ಅದನ್ನು ಹಿಡಿಯಲಾಗದು.

ತಡೆಯುವುದರಲ್ಲಿ ಭೇದವಿತ್ತೇ? ಮಿಸೌರಿ ರಾಜ್ಯದ ಫರ್ಗುಸನ್ ಪಟ್ಟಣದ ಬಗ್ಗೆ ಅಮೆರಿಕದ ನ್ಯಾಯ ಇಲಾಖೆ 2015ರ ಮಾರ್ಚ್‌ನಲ್ಲಿ ಕೊಟ್ಟ ವರದಿ ಓದಿ. ಊರಿನಲ್ಲಿ ಕಪ್ಪುವರ್ಣೀಯರು ಶೇ 67, ತಡೆದ ವಾಹನಗಳಲ್ಲಿ ಶೇ 85, ಬಂಧನಗಳಲ್ಲಿ ಶೇ 93. ದಂಡದ ಹಣವನ್ನೇ ನಗರಾಡಳಿತ ಆದಾಯ ಮಾಡಿಕೊಂಡಿತ್ತು. 2014ರಲ್ಲಿ ಅಲ್ಲಿ ಪೊಲೀಸ್ ಗುಂಡಿಗೆ ಸತ್ತ ಕಪ್ಪುವರ್ಣೀಯ ಯುವಕ ಮೈಕೆಲ್ ಬ್ರೌನ್ ಮೇಲೆ ಗುಂಡು ಹಾರಿಸಿದ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡಲು ಆಧಾರವಿಲ್ಲ ಎಂದದ್ದೂ ಅದೇ ಇಲಾಖೆ, ಅದೇ ದಿನ, ಬೇರೊಂದು ವರದಿಯಲ್ಲಿ. ಎರಡನ್ನೂ ಒಟ್ಟಿಗೆ ಓದಬೇಕು.

ಪ್ರಶ್ನೆ: 'ಕ್ವಾಲಿಫೈಡ್ ಇಮ್ಯುನಿಟಿ' ಇರುವುದರಿಂದಲೇ ಪೊಲೀಸರಿಗೆ ಜೈಲಾಗುವುದಿಲ್ಲ ಅಲ್ಲವೇ?

ಉತ್ತರ: ಅಲ್ಲ. ಅದು ಸರ್ಕಾರಿ ಅಧಿಕಾರಿಗಳಿಗೆ ನ್ಯಾಯಾಲಯಗಳು ಕೊಟ್ಟಿರುವ ಒಂದು ರಕ್ಷಣೆ. ಪರಿಹಾರ ಕೇಳುವ ಸಿವಿಲ್ ದಾವೆಗೆ ಮಾತ್ರ ಅಡ್ಡ ಬರುತ್ತದೆ, ಕ್ರಿಮಿನಲ್ ಮೊಕದ್ದಮೆಗಲ್ಲ. ಜೈಲು ಅಪರೂಪವಾಗಲು ಮೇಲೆ ಹೇಳಿದ ಅಳತೆಗೋಲು ಒಂದು ಕಾರಣ, ದಿನವೂ ಪೊಲೀಸರ ಜೊತೆಯಲ್ಲೇ ಕೆಲಸ ಮಾಡುವ ಪ್ರಾಸಿಕ್ಯೂಟರ್‌ಗಳೇ ಆರೋಪ ಹೊರಿಸಬೇಕಾಗಿರುವುದು ಇನ್ನೊಂದು.

ಪ್ರಶ್ನೆ: ಮೈಮೇಲೆ ಕ್ಯಾಮೆರಾ ಬಂದ ಮೇಲೆ ಎಲ್ಲ ಸರಿಹೋಗಿರಬೇಕಲ್ಲ?

ಉತ್ತರ: ವಾಷಿಂಗ್ಟನ್ ನಗರದಲ್ಲಿ 2,000ಕ್ಕೂ ಹೆಚ್ಚು ಪೊಲೀಸರನ್ನು ಸೇರಿಸಿಕೊಂಡು ನಡೆಸಿದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಲಪ್ರಯೋಗ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಸಾಕ್ಷ್ಯವಾಗಿ ವಿಡಿಯೊ ಉಪಯುಕ್ತವೇ, ಅದು ಹೊರಬಂದರೆ. 2014ರ ಅಕ್ಟೋಬರ್‌ನಲ್ಲಿ ಶಿಕಾಗೊದಲ್ಲಿ ಲಾಕ್ವಾನ್ ಮೆಕ್‌ಡೊನಾಲ್ಡ್‌ಗೆ 16 ಗುಂಡು ಬಿದ್ದದ್ದನ್ನು ಪೊಲೀಸ್ ಕಾರಿನ ಕ್ಯಾಮೆರಾ ಸೆರೆಹಿಡಿದಿತ್ತು. ಜನ ಅದನ್ನು ನೋಡಲು 13 ತಿಂಗಳು ಮತ್ತು ಒಂದು ಕೋರ್ಟ್ ಆದೇಶ ಬೇಕಾಯಿತು. ವಿಡಿಯೊ ನೋಡುವಾಗ ಗುಂಡಿನ ಕ್ಷಣದಿಂದಲ್ಲ, ಕಾರು ಬಂದು ನಿಂತಲ್ಲಿಂದ ನೋಡಿ. ಮೊದಲ 30 ಸೆಕೆಂಡು ದನಿಯೇ ಇಲ್ಲದಿದ್ದರೆ ಯಾರೋ ಅಳಿಸಿದ್ದಾರೆ ಎಂದುಕೊಳ್ಳಬೇಡಿ. ರೆಕಾರ್ಡಿಂಗ್ ಬಟನ್ ಒತ್ತುವ ಮುಂಚಿನ ಅಷ್ಟು ಹೊತ್ತಿನ ದೃಶ್ಯವನ್ನು ಹಲವು ಕ್ಯಾಮೆರಾಗಳು ಶಬ್ದವಿಲ್ಲದೆಯೇ ಉಳಿಸಿಕೊಳ್ಳುತ್ತವೆ.