ಗಲ್ಫ್‌ನಿಂದ ಊರಿಗೆ ಬಂದ ಮೇಲೆ ಇಗರ್ಜಿಯಲ್ಲೂ (ಚರ್ಚಿನಲ್ಲೂ) ಒಂಟಿ ಅನಿಸುತ್ತಿದೆ. ಒಳ್ಳೆಯ ಇಂಗ್ಲಿಷ್ ಪೂಜೆ, ಒಳ್ಳೆಯ ಗೆಳೆತನ ಎಲ್ಲಿ ಹುಡುಕಲಿ?

ನೀವು ಬಂದದ್ದು ಮಸ್ಕತ್‌ನಿಂದ. ಆ ಜಾಗದಲ್ಲಿ ಕುವೈತ್ ಅಂತ ಹಾಕಿದರೆ ನಿಮ್ಮ ಪ್ರಶ್ನೆ ನನ್ನದೇ ಕಥೆ. ಗಂಡನ ಊರು, ಮನೆಯಲ್ಲಿ ವಯಸ್ಸಾದ ಅತ್ತೆ, ಕೊಂಕಣಿ ಪೂಜೆಗೆ ಮುಖ ಸಿಂಡರಿಸುವ ಮಕ್ಕಳು, ಮಾತಾಡಲು ಒಬ್ಬ ಗೆಳತಿ ಇಲ್ಲ. ಪ್ರತಿ ಭಾನುವಾರ ಮಂಗಳೂರಿಗೆ ಇಂಗ್ಲಿಷ್ ಪೂಜೆಗೆ ಹೋಗಲೋ, ಪೇಟೆಯಲ್ಲಿ ಹೊಸದಾಗಿ ಶುರುವಾದ ಪ್ರಾರ್ಥನಾ ಗುಂಪು ಸೇರಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಾವು ಬಂದದ್ದು 2016ರಲ್ಲಿ. ಗಂಡನ ಕಂಪನಿಯಲ್ಲಿ ಜನರನ್ನು ಕಡಿಮೆ ಮಾಡಿದರು, ಅವರ ಹೆಸರೂ ಪಟ್ಟಿಯಲ್ಲಿತ್ತು. ಊರು ಉಡುಪಿ ಜಿಲ್ಲೆಯಲ್ಲಿ, ಶಂಕರಪುರ ಮಲ್ಲಿಗೆ ಬೆಳೆಯುವ ಕಡೆ. ನಾನು ಬೆಳೆದದ್ದು ಹಾಸನದಲ್ಲಿ. ಮನೆಯಲ್ಲಿ ಕೊಂಕಣಿ ಮಾತು, ಇಗರ್ಜಿಯಲ್ಲಿ ಕನ್ನಡ ಪೂಜೆ. ಹಾಗಾಗಿ ಮದುವೆಯಾದ ಊರಿನ ಇಗರ್ಜಿ ನನಗೆ ರಜೆಯಲ್ಲಿ ಬಂದಾಗ ನೋಡುವ ಜಾಗ, ಅಷ್ಟೇ.

ಕುವೈತ್‌ನಲ್ಲಿ ಭಾನುವಾರ ಕೆಲಸದ ದಿನ. ಎಲ್ಲರೂ ಪೂಜೆಗೆ ಹೋಗುವುದು ಶುಕ್ರವಾರ. ಸಿಟಿಯ ಹೋಲಿ ಫ್ಯಾಮಿಲಿ ಕೆಥೆಡ್ರಲ್‌ನಲ್ಲಿ ಒಂದು ಭಾಷೆಯವರು ಹೊರಗೆ ಬರುವಾಗ ಇನ್ನೊಂದು ಭಾಷೆಯವರು ಒಳಗೆ ನುಗ್ಗುತ್ತಾರೆ. ಅಂಗಳದಲ್ಲಿ ಮಲಯಾಳಂ, ಅರಬಿ, ಫಿಲಿಪ್ಪೀನ್ಸ್‌ನವರ ತಗಾಲೊಗ್, ಕೊಂಕಣಿ ಎಲ್ಲ ಕಿವಿಗೆ ಬೀಳುತ್ತಿತ್ತು. ನಾವು ಮಕ್ಕಳಿಗಾಗಿ ಇಂಗ್ಲಿಷ್ ಪೂಜೆಗೆ ಹೋಗುತ್ತಿದ್ದೆವು. ಪೂಜೆ ಮುಗಿದ ಮೇಲೆ ಯಾರದ್ದಾದರೂ ಫ್ಲ್ಯಾಟಿನಲ್ಲಿ ಊಟ. ಅಲ್ಲಿ ಸ್ನೇಹ ಬೇಗ ಆಗುತ್ತಿತ್ತು. ಅದು ನನ್ನ ಗುಣ, ನನ್ನ ಭಕ್ತಿ ಅಂತ ನಾನು ತಿಳಿದುಕೊಂಡಿದ್ದೆ. ಅಲ್ಲಿ ಎಲ್ಲರೂ ಅಮ್ಮ-ಅಪ್ಪನನ್ನು ಬಿಟ್ಟು ಬಂದವರು, ಎಲ್ಲರಿಗೂ ಯಾರಾದರೂ ಬೇಕಿತ್ತು ಅನ್ನುವುದು ಆಗ ಹೊಳೆಯಲಿಲ್ಲ.

ಊರಿನ ಇಗರ್ಜಿಯ ಮೊದಲ ಭಾನುವಾರ ನನಗೆ ಮೂರು ಪ್ರಶ್ನೆ ಸಿಕ್ಕಿದವು. ವಾಪಸ್ ಯಾವಾಗ? ಪೂರ್ತಿಯಾಗಿ ಬಂದದ್ದಾ? ಹಾಗಾದರೆ ಕೆಲಸ ಹೋಯಿತಾ? ಪೂಜೆಯಲ್ಲಿ ಗಂಡಸರು ಅರ್ಧ ಜನ ಹೊರಗಿನ ಮಂಟಪದಲ್ಲೇ ನಿಂತಿದ್ದರು. ಪ್ರಕಟಣೆಗಳು ಫಾದರ್ ಕೊಡುವ ಪ್ರಸಂಗಕ್ಕಿಂತ ಜಾಸ್ತಿ ಉದ್ದ. ಮಗ ಆಕಳಿಸಿದ, ಮಗಳು ನನ್ನ ಮುಖ ನೋಡಿದಳು. ಮುಂದಿನ ವಾರದಿಂದ ನಾವು ಕಾರು ಹತ್ತಿ ಪೇಟೆಯ ಇಂಗ್ಲಿಷ್ ಪೂಜೆಗೆ ಹೋಗತೊಡಗಿದೆವು. ಚೆಂದದ ಹಾಡು, ಚಿಕ್ಕ ಪ್ರಸಂಗ, ಆಮೇಲೆ ಮಕ್ಕಳಿಗೆ ಐಸ್‌ಕ್ರೀಮ್. ಎಲ್ಲರಿಗೂ ಖುಷಿ. ಹಾಗಂತ ನಾನು ಅಂದುಕೊಂಡಿದ್ದೆ.

ತಪ್ಪು ಆದದ್ದು ಇಲ್ಲಿ. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಈಗ ಅದೇ ಬಾಗಿಲ ಹತ್ತಿರ ನಿಂತಿದ್ದೀರಿ.

ನಿಮಗೆ ಗೊತ್ತಿರಬಹುದು, ನಮ್ಮ ಕಡೆ ಒಂದು ಇಗರ್ಜಿಯ ಮನೆಗಳನ್ನೆಲ್ಲ ವಾಳೆಗಳಾಗಿ, ಅಂದರೆ ಚಿಕ್ಕ ಚಿಕ್ಕ ವಾರ್ಡುಗಳಾಗಿ ಹಂಚಿರುತ್ತಾರೆ. ಪ್ರತಿ ವಾಳೆಗೆ ಒಬ್ಬ ಮುಖಂಡ, ಅವರೇ ಗುರ್ಕಾರ. ಆಗಾಗ ಒಬ್ಬೊಬ್ಬರ ಮನೆಯಲ್ಲಿ ವಾಳೆಯ ಕೂಟ ಇರುತ್ತದೆ. ಸುವಾರ್ತೆ ಓದುತ್ತಾರೆ, ಪ್ರಾರ್ಥನೆ ಮಾಡುತ್ತಾರೆ, ಚಾ ಕುಡಿಯುತ್ತಾರೆ, ಯಾರಿಗೆ ಹುಷಾರಿಲ್ಲ, ಯಾರ ಮನೆಯಲ್ಲಿ ಮದುವೆ ಅಂತ ಮಾತಾಗುತ್ತದೆ. ಸಾವಾದರೆ ಮೊದಲು ಬಂದು ಕುರ್ಚಿ ಹಾಕುವವರು ವಾಳೆಯವರು. ಮಕ್ಕಳ ಮೊದಲ ಪರಮಪ್ರಸಾದ (ಫಸ್ಟ್ ಕಮ್ಯುನಿಯನ್), ಮದುವೆಯ ಕಾಗದ, ಏನೇ ಇದ್ದರೂ ಕೊನೆಗೆ ಬರಬೇಕಾದದ್ದು ನಿಮ್ಮ ಮನೆ ಸೇರಿದ ಇಗರ್ಜಿಗೇ. ನೀವು ಬೇರೆ ಎಲ್ಲಿ ಎಷ್ಟು ಪೂಜೆ ನೋಡಿದರೂ ಅದು ಬದಲಾಗುವುದಿಲ್ಲ.

ನಾವು ಬಂದ ಹೊಸತರಲ್ಲೇ ಗುರ್ಕಾರರು ಮನೆಗೆ ಬಂದರು. ಕೈಯಲ್ಲಿ ಒಂದು ಹಳೆಯ ಡೈರಿ. ನಮ್ಮೆಲ್ಲರ ಹೆಸರು ಬರೆದುಕೊಂಡರು. ಮುಂದಿನ ಕೂಟ ಯಾರ ಮನೆಯಲ್ಲಿ ಅಂತ ಹೇಳಿದರು. 'ಬಾಯಿ, ಮಕ್ಕಳನ್ನೂ ಕರೆದುಕೊಂಡು ಬನ್ನಿ' ಅಂದರು. ನಮ್ಮಲ್ಲಿ ಹೆಂಗಸರನ್ನು ಬಾಯಿ ಅಂತಲೇ ಕರೆಯುವುದು. ನಾನು ಒಳ್ಳೆಯ ಕಪ್ಪಿನಲ್ಲಿ ಚಾ ಕೊಟ್ಟೆ. ಗಲ್ಫ್‌ನವರು ಅಂತ ವಂತಿಗೆಗೆ ಬಂದಿದ್ದಾರೆ ಅನ್ನುವುದು ನನ್ನ ಲೆಕ್ಕ. ಅವರು ಕೇಳುವ ಮೊದಲೇ ಲಕೋಟೆಯಲ್ಲಿ ದುಡ್ಡು ಹಾಕಿ ಕೊಟ್ಟೆ. ಅವರು ಒಂದು ಕ್ಷಣ ಸುಮ್ಮನಿದ್ದು, ರಶೀದಿ ಬರೆದು ಕೊಟ್ಟು ಹೋದರು. ಕೂಟಕ್ಕೆ ನಾವು ಹೋಗಲಿಲ್ಲ. ಆ ದಿನವೇ ಕುವೈತ್ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಜಪಸರ ಇತ್ತು. ನನ್ನ ಪ್ರಾರ್ಥನೆ ಅಲ್ಲೇ ಆಯಿತಲ್ಲ, ಮತ್ತೆ ಇಲ್ಲಿ ಯಾಕೆ?

ದುಡ್ಡು ಕೊಟ್ಟು ಮನುಷ್ಯರನ್ನು ಬಾಗಿಲಲ್ಲೇ ಕಳುಹಿಸಿದೆ. ಅದರ ಬೆಲೆ ಕೊಟ್ಟದ್ದು ನನ್ನ ಅತ್ತೆ.

ನಾವು ಬರುವ ಮೊದಲು ಅವರು ಒಬ್ಬರೇ ಇದ್ದರು. ಮೊಣಕಾಲು ನೋವು. ಭಾನುವಾರ ಬೆಳಿಗ್ಗೆ ವಾಳೆಯ ಇಬ್ಬರು ಹೆಂಗಸರು ಆಟೋದಲ್ಲಿ ಬಂದು ಗೇಟಿನಲ್ಲಿ ಕೂಗುತ್ತಿದ್ದರು. ಮೂವರೂ ಒಟ್ಟಿಗೆ ಹೋಗಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಪೂಜೆಯ ಮೇಲೆ ಹಿಂದಿನ ಸಮಾಧಿಗಳ ಕಡೆ ನಡೆದು ಮಾವನಿಗೆ ಒಂದು ಪ್ರಾರ್ಥನೆ, ಅಲ್ಲೇ ನಿಂತು ಊರಿನ ಸುದ್ದಿ. ನಾವು ಕಾರು ತಂದ ಮೇಲೆ ಆ ಹೆಂಗಸರು ಬರುವುದು ನಿಲ್ಲಿಸಿದರು. ಮಗ-ಸೊಸೆ ಬಂದಿದ್ದಾರೆ, ಇನ್ನು ನಮ್ಮ ಆಟೋ ಯಾಕೆ ಅಂತ. ತಪ್ಪಲ್ಲ ಅದು. ನಾವು ಅತ್ತೆಯನ್ನು ಕಾರಿನಲ್ಲಿ ಕೂರಿಸಿ ಪೇಟೆಗೆ ಕರೆದುಕೊಂಡು ಹೋದೆವು. ಅವರಿಗೆ ಇಂಗ್ಲಿಷ್ ಬಾರದು. ಒಳ್ಳೆಯ ಸೀರೆ ಉಟ್ಟು, ಫ್ಯಾನಿನ ಕೆಳಗೆ ಕೂತು, ಪೂಜೆಯುದ್ದಕ್ಕೂ ಜಪಸರ ಹಿಡಿದಿರುತ್ತಿದ್ದರು. ಹೇಗಿತ್ತು ಮಾಂಯ್ ಅಂದರೆ ಚೆನ್ನಾಗಿತ್ತು ಅನ್ನುವರು. ಆ ಕಾಲದ ಹೆಂಗಸರು ಸೊಸೆಯ ಎದುರು ಇಷ್ಟ ಇಲ್ಲ ಅಂತ ಹೇಳುತ್ತಾರಾ? ನನಗೆ ಅದು ಕಾಣಬೇಕಿತ್ತು. ಕಾಣಲಿಲ್ಲ.

ಮುಂದಿನ ವರ್ಷ ಮೊಂತಿ ಹಬ್ಬದ ನೊವೆನಾ ಬಂತು. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಮಾತೆ ಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ, ಸೆಪ್ಟೆಂಬರ್ 8ಕ್ಕೆ ಹಬ್ಬ, ಹೊಸ ತೆನೆ. ನಮ್ಮ ಹೊಸ ಮನೆಯ ಸುತ್ತ ಇಂಟರ್‌ಲಾಕ್ ಹಾಕಿಸಿದ್ದೆ. ಹೂವಿನ ಗಿಡ ಒಂದೂ ಇರಲಿಲ್ಲ. ನಮ್ಮ ಹಿಂದುಗಡೆಯ ಮನೆಯ ಬಾಯಿ, ಮಲ್ಲಿಗೆ ಕೃಷಿ ಮಾಡುವವರು, ಒಂದು ಬುಟ್ಟಿ ಹೂ ತಂದು ನನ್ನ ಮಗಳ ಕೈಗೆ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಅತ್ತೆ ಇರುವಾಗಲೇ ಕೇಳಿದರು: 'ಇವರನ್ನು ಯಾಕೆ ಇಗರ್ಜಿಗೆ ಬಿಡುವುದಿಲ್ಲ ನೀವು? ಮಾವನ ಸಮಾಧಿಯ ಮೇಲೆ ಹುಲ್ಲು ಬಂದಿದೆ.'

ನನಗೆ ಕೋಪ ಬಂತು. ಬಿಡುವುದಿಲ್ಲವಾ? ವಾರ ವಾರ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ! ಅತ್ತೆ ಏನೂ ಹೇಳದೆ ಒಳಗೆ ಹೋದರು. ಆ ಸಂಜೆ ನೊವೆನಾಕ್ಕೆ ಅವರನ್ನು ಊರಿನ ಇಗರ್ಜಿಗೆ ಕರೆದುಕೊಂಡು ಹೋದೆ. ಹಳೆಯ ಬೆಂಚಿನ ಹೆಂಗಸರು ಸರಿದು ಜಾಗ ಮಾಡಿದರು. ಅತ್ತೆ ಅಷ್ಟು ಗಟ್ಟಿಯಾಗಿ ಹಾಡುವುದನ್ನು ನಾನು ಅದುವರೆಗೆ ಕೇಳಿರಲೇ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ. ಒಳ್ಳೆಯ ಇಗರ್ಜಿ ಎಲ್ಲಿದೆ ಅಂತ ಹುಡುಕುವುದೇ ನನ್ನ ಪ್ರಕಾರ ಸರಿಯಲ್ಲ. ನಿಮಗೆ ಈಗಾಗಲೇ ಒಂದು ಇದೆ. ಅದರ ಹಾಡು ಚೆನ್ನಾಗಿಲ್ಲದಿರಬಹುದು. ನಿಮ್ಮ ಅತ್ತೆಯ ಗೆಳತಿಯರು ಅಲ್ಲಿದ್ದಾರೆ, ನಿಮ್ಮ ಮಕ್ಕಳ ಶಾಲೆಯ ಮಕ್ಕಳು ಅಲ್ಲಿದ್ದಾರೆ. ನಿಮ್ಮಂಥವರನ್ನೇ ಹುಡುಕುತ್ತೇನೆ, ಓದಿದವರು, ಹೊರಗೆ ಇದ್ದು ಬಂದವರು ಬೇಕು ಅಂದರೆ ಮತ್ತೆ ಮಸ್ಕತ್ ಕಟ್ಟಲು ಹೊರಟಂತೆ. ಹೊಸ ಪ್ರಾರ್ಥನಾ ಗುಂಪಿನಲ್ಲಿ ಮೊದಲ ದಿನವೇ ಅಪ್ಪಿಕೊಳ್ಳುತ್ತಾರೆ, ನಿಜ. ಅಲ್ಲಿರುವವರ ಭಕ್ತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ನಿಮ್ಮ ಮನೆಯ ಎದುರಿನವಳ ಹೆಸರು ಗೊತ್ತಾಗುವ ಮೊದಲು ಅಲ್ಲಿಗೆ ಹೋಗಬೇಡಿ.

ನನ್ನ ಗೆಳೆತನ ಶುರುವಾದದ್ದು ಆ ಜಗಳಗಂಟಿ ಮಲ್ಲಿಗೆ ಬಾಯಿಯ ಜೊತೆಗೇ. ಮದುವೆ ಸೀಸನ್ನಿನಲ್ಲಿ ಒಂದು ಬೆಳಿಗ್ಗೆ ಅವರ ಮಗಳಿಗೆ ಜ್ವರ, ಹೂ ಕಟ್ಟಲು ಜನ ಇಲ್ಲ. ನಾನು ಹೋಗಿ ಕೂತೆ. ಮೊಗ್ಗು ಅರಳುವ ಮೊದಲು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂ ಒಯ್ಯುವವರು ಬರುವ ಹೊತ್ತಿಗೆ ತಯಾರಿರಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟಿ. ದರ ದಿನಕ್ಕೊಂದು. ನಾನು ಕಟ್ಟಿದ್ದನ್ನು ಅವರು ನಕ್ಕು ಬಿಚ್ಚಿ ಮತ್ತೆ ಕಟ್ಟಿದರು. ಮರುದಿನವೂ ಹೋದೆ. ಕೈಗೆ ಕೆಲಸ ಇದ್ದಾಗ ಮಾತು ತಾನಾಗಿ ಬರುತ್ತದೆ, ಮುಖ ನೋಡಬೇಕಾಗಿಲ್ಲ ಅಲ್ವಾ. ಗಂಡನ ಕೆಲಸ ಹೋದಾಗ ನನಗೆ ಎಷ್ಟು ನಾಚಿಕೆಯಾಗಿತ್ತು ಅನ್ನುವುದನ್ನು ಕುವೈತ್‌ನ ಯಾವ ಗೆಳತಿಗೂ ಹೇಳಿರಲಿಲ್ಲ. ಇವರಿಗೆ ಹೇಳಿದೆ. ಇವರು 'ಆಮೇಲೆ?' ಅಂದರು, ಅಷ್ಟೇ. ನಮ್ಮಿಬ್ಬರಲ್ಲಿ ಒಂದು ವಿಷಯವೂ ಒಂದೇ ಥರ ಇಲ್ಲ. ಈಗಲೂ ದಿನಕ್ಕೊಮ್ಮೆ ಜಗಳ ಆಗುತ್ತದೆ.

ಮಕ್ಕಳ ಕೊಂಕಣಿ ಬಗ್ಗೆ ನೀವು ತಲೆ ಕೆಡಿಸಿಕೊಂಡಿದ್ದೀರಿ. ಬಿಡಿ. ನಮ್ಮ ಕರಾವಳಿಯಲ್ಲಿ ಕೊಂಕಣಿ ಪ್ರಾರ್ಥನೆ ಪುಸ್ತಕ ಇರುವುದು ಕನ್ನಡ ಲಿಪಿಯಲ್ಲಿ. ಶಾಲೆಯಲ್ಲಿ ಕನ್ನಡ ಅಕ್ಷರ ಕಲಿತರೆ ಅರ್ಧ ಕೆಲಸ ಮುಗಿಯಿತು. ನನ್ನ ಮಗಳು ಅತ್ತೆಗೆ 'ರಾಕ್ಣೊ' ಓದಿ ಹೇಳುತ್ತಾ ಕಲಿತಳು. 1938ರಿಂದ ಬರುತ್ತಿರುವ ಪತ್ರಿಕೆ ಅದು, ಅತ್ತೆಗೆ ಮರಣದ ಸುದ್ದಿಗಳ ಪುಟ ಮೊದಲು ಬೇಕು. ಮಗ ಇಗರ್ಜಿ ಮೈದಾನದ ಕ್ರಿಕೆಟ್‌ನಲ್ಲಿ ಕಲಿತ. ಅಲ್ಲಿ ಅವನು ಕಲಿತ ಎಲ್ಲ ಮಾತನ್ನೂ ಇಗರ್ಜಿಯೊಳಗೆ ಆಡುವ ಹಾಗಿಲ್ಲ, ಅದು ಬೇರೆ ವಿಷಯ.

ಮನೆಯ ಪ್ರಾರ್ಥನೆ ಮಾತ್ರ ಬಿಡಬೇಡಿ. ಸಂಜೆ ತೇರ್ಸ್, ಅಂದರೆ ಜಪಸರ ಹೇಳುವಾಗ ನಮ್ಮಲ್ಲಿ ಒಬ್ಬರು ತೂಕಡಿಸುತ್ತಾರೆ, ಒಬ್ಬರು ಕುಕ್ಕರ್ ಸೀಟಿ ಎಣಿಸುತ್ತಾರೆ. ಆದರೂ ಮುಗಿದ ಮೇಲೆ ಮಕ್ಕಳು ಅತ್ತೆಯ ಹತ್ತಿರ ಬೆಸಾಂವ್ (ಆಶೀರ್ವಾದ) ಕೇಳುತ್ತಾರೆ, ಅವರು ತಲೆ ಮೇಲೆ ಕೈ ಇಡುತ್ತಾರೆ. ಹಗಲು ಮೊಬೈಲ್ ವಿಷಯಕ್ಕೆ ಕಿತ್ತಾಡಿದ್ದು ಅಲ್ಲಿಗೆ ಮುಗಿಯುತ್ತದೆ. ಕುವೈತ್‌ನಲ್ಲಿ ಪ್ರಾರ್ಥನೆಯಾದಾಗ ನನಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಇಲ್ಲಿ ಬರುವುದಿಲ್ಲ. ಮೊದಮೊದಲು ನನ್ನ ವಿಶ್ವಾಸವೇ ಕಡಿಮೆಯಾಯಿತು ಅಂತ ಹೆದರಿದ್ದೆ. ಫಾದರ್ ಹತ್ತಿರ ಹೇಳಿದಾಗ ಅವರು, ಕಣ್ಣೀರು ಬರಲೇಬೇಕು ಅಂತ ಯಾರು ಹೇಳಿದರು ಅಂತ ಕೇಳಿ, ವಾಳೆಯಲ್ಲಿ ಹಾಸಿಗೆ ಹಿಡಿದ ಒಬ್ಬರ ಮನೆಗೆ ಪರಮಪ್ರಸಾದ ತರುವಾಗ ಜೊತೆಗೆ ಬರಲು ಹೇಳಿದರು.

ಊರಿನವರು ದೇವದೂತರೇನಲ್ಲ. ಗಲ್ಫ್‌ನವರು ಅಂದರೆ ಸಾಂತ್‌ಮಾರಿ, ಅಂದರೆ ಇಗರ್ಜಿಯ ವಾರ್ಷಿಕ ಹಬ್ಬದ ಖರ್ಚಿಗೆ ಮೊದಲು ನಿಮ್ಮ ಗೇಟಿಗೇ ಬರುತ್ತಾರೆ. ಆಗುವಷ್ಟು ಕೊಡಿ, ಆಗದಿದ್ದರೆ ಆಗುವುದಿಲ್ಲ ಅನ್ನಿ. ಕೆಲಸ ಹೋಗಿದ್ದರೆ ಹೋಗಿದೆ ಅಂತಲೇ ಹೇಳಿಬಿಡಿ. ಮುಚ್ಚಿಟ್ಟರೆ ಅವರೇ ಕಥೆ ಕಟ್ಟುತ್ತಾರೆ, ಅದು ಇನ್ನೂ ಕೆಟ್ಟದಾಗಿರುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಪೇಟೆಯ ಇಂಗ್ಲಿಷ್ ಪೂಜೆ ಫೋನಿನ ಪರದೆಯಲ್ಲಿ ಬಂತು. ಅತ್ತೆಯ ಬಿಪಿ ಮಾತ್ರೆ ಗುರ್ಕಾರರ ಸ್ಕೂಟರಿನಲ್ಲಿ ಬಂತು.

ಕ್ರಿಸ್ಮಸ್‌ಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು ಬೇಕರಿಯಿಂದ ತರಬೇಡಿ, ಇದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ. ವಾಳೆಯ ಯಾರನ್ನಾದರೂ ಕರೆದು ನೆವ್ರಿ, ಕಿಡಿಯೊ ಮನೆಯಲ್ಲೇ ಮಾಡಿ. ಆಕಾರ ಕೆಟ್ಟರೂ ಪರವಾಗಿಲ್ಲ. ಒಂದು ತಟ್ಟೆ ಹಿಂದೂ ನೆರೆಯವರಿಗೂ, ಬ್ಯಾರಿ ಮುಸ್ಲಿಮರ ಮನೆಗೂ ಹೋಗಲಿ. ನಮ್ಮ ಕಡೆ ತಟ್ಟೆ ಖಾಲಿ ವಾಪಸ್ ಬರುವುದಿಲ್ಲ, ದೀಪಾವಳಿಗೋ ಈದ್‌ಗೋ ಏನಾದರೂ ತುಂಬಿಕೊಂಡು ಬರುತ್ತದೆ.

ನಿಮ್ಮವರು ಮತ್ತೆ ಗಲ್ಫ್‌ಗೆ ಹೋಗುವ ಮಾತಾಡುತ್ತಿದ್ದಾರೆ, ಅದು ಗೊತ್ತಾಗುವವರೆಗೆ ಇಲ್ಲಿ ಬೇರು ಬಿಡುವುದು ಯಾಕೆ ಅಂತಲೂ ಕೇಳಿದ್ದೀರಿ. ಹೋಗುವುದು ಬಿಡುವುದು ನೀವಿಬ್ಬರೂ ಸಾಲ, ಶಾಲೆ ಫೀಸು ಎಲ್ಲ ಮುಂದಿಟ್ಟು ತೀರ್ಮಾನಿಸಬೇಕಾದದ್ದು, ನಾನು ಏನೂ ಹೇಳಲಾರೆ. ಆದರೆ ಶಾಲೆಯ ಜೊತೆಗೇ ಜೂನ್‌ನಲ್ಲಿ ಮಕ್ಕಳ ಧರ್ಮೋಪದೇಶದ ತರಗತಿಯೂ ಶುರುವಾಗುತ್ತದೆ. ಅದಕ್ಕೆ ಈಗಲೇ ಹೆಸರು ಕೊಡಿ. ಮಧ್ಯದಲ್ಲಿ ಸೇರಿಸಲು ಹೋಗಿ ನನ್ನ ಮಗಳ ಮೊದಲ ಪರಮಪ್ರಸಾದ ಒಂದು ವರ್ಷ ಮುಂದೆ ಹೋಯಿತು. ನಿಮ್ಮ ಗುರ್ಕಾರರು ಯಾರು ಅಂತ ಅತ್ತೆಗೆ ಗೊತ್ತಿರುತ್ತದೆ, ಅವರನ್ನೇ ಕೇಳಿ.