ಅಪ್ಪನ ರಾಕ್, ಮಗನ ಕಿವಿ

ಪ್ರಶ್ನೆ: 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕಾರ್ಯಕ್ರಮವನ್ನು ಮಳೆಯಲ್ಲಿ ನೆನೆಯುತ್ತಲೇ ಕೇಳಿದವನು ನಾನು. ಅಷ್ಟೇ ಮೆಚ್ಚಿನ ಮತ್ತೊಂದು ಹಳೆಯ ರಾಕ್ ತಂಡ ಈಗ ಬೆಂಗಳೂರಿಗೆ ಬರಲಿದೆ. ಹತ್ತು ವರ್ಷದ ಮಗನನ್ನೂ ಕರೆದೊಯ್ಯಬೇಕೆಂಬ ಆಸೆ ನನ್ನದು. ಕಾರಿನಲ್ಲಿ ಅವರ ಹಾಡು ಹಾಕಿದರೆ ಅವನೂ ಗುನುಗುತ್ತಾನೆ. ಆದರೆ ಅಷ್ಟೊಂದು ಸದ್ದುಗದ್ದಲದಲ್ಲಿ ಮಗುವಿಗೇನು ಕೆಲಸ ಎಂದು ಪತ್ನಿ ಆಕ್ಷೇಪಿಸುತ್ತಿದ್ದಾಳೆ. ಏನು ಮಾಡಲಿ?
– ಓದುಗರೊಬ್ಬರು, ಗೋಣಿಕೊಪ್ಪಲು

ಉತ್ತರ: ಕರೆದುಕೊಂಡು ಹೋಗಿ, ಆದರೆ ನಿಮ್ಮ ಪತ್ನಿಯ ಆಕ್ಷೇಪದಲ್ಲಿ ಹುರುಳಿದೆ. ದೊಡ್ಡವರು ಕೆಲಸದ ಸ್ಥಳದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಿಕೊಳ್ಳಬಹುದು ಎಂಬುದು ತಜ್ಞರು ಒಪ್ಪಿರುವ ಮಿತಿ. ಸದ್ದು ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಅವಧಿ ಅರ್ಧಕ್ಕಿಳಿಯುವುದರಿಂದ 100 ಡೆಸಿಬಲ್‌ಗೆ ಉಳಿಯುವುದು ಹದಿನೈದೇ ನಿಮಿಷ. ರಾಕ್ ಕಾರ್ಯಕ್ರಮಗಳಲ್ಲಿ ಅಷ್ಟು ಸದ್ದು ತೀರಾ ಸಾಮಾನ್ಯ. ಆದ್ದರಿಂದ ಮಗನಿಗೆ ಕಿವಿಗಳನ್ನು ಹೊರಗಿನಿಂದ ಮುಚ್ಚುವ ಇಯರ್‌ಮಫ್ ಕೊಡಿಸಿ. ಕಿವಿಯೊಳಗೆ ತುರುಕುವ ಸ್ಪಂಜಿನ ಬಿರಡೆಗಳು ಪುಟ್ಟ ಕಿವಿಗಳಲ್ಲಿ ಸರಿಯಾಗಿ ಕೂರುವುದಿಲ್ಲ. ಮನೆಯಲ್ಲೇ ಕೆಲವು ದಿನ ಹಾಕಿಸಿ ರೂಢಿ ಮಾಡಿಸದಿದ್ದರೆ ಎರಡನೆಯ ಹಾಡಿಗೇ ಕಿತ್ತು ನಿಮ್ಮ ಕೈಗಿಡುತ್ತಾನೆ. ಮಕ್ಕಳಿಗೆ ಪ್ರವೇಶವಿದೆಯೇ ಎಂದು ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿ, ಸ್ಪೀಕರ್‌ಗಳಿಂದ ದೂರದಲ್ಲಿ ಕುಳಿತು ನೋಡುವ ಜಾಗವನ್ನೇ ಆರಿಸಿಕೊಳ್ಳಿ. ವೇದಿಕೆಯ ಮುಂದೆ ನಿಲ್ಲುವ ಆಸೆಯನ್ನು ಈ ಸಲ ನೀವು ಬಿಡಬೇಕಾಗುತ್ತದೆ.

ನನ್ನ ಚಿಂತೆ ಬೇರೆಯೇ ಇದೆ. ಕಾರಿನಲ್ಲಿ ನಾಲ್ಕು ನಿಮಿಷಕ್ಕೆ ಮುಗಿಯುವ ಹಾಡನ್ನು ವೇದಿಕೆಯಲ್ಲಿ ಹತ್ತು ನಿಮಿಷ ಎಳೆಯುವುದುಂಟು. ವಯಸ್ಸಾದ ಗಾಯಕರಂತೂ ಶ್ರುತಿಯನ್ನು ತಗ್ಗಿಸಿಕೊಂಡೇ ಹಾಡುತ್ತಾರೆ. ನೀವು ಗಿಟಾರಿನ ಒಂದೊಂದು ಎಳೆತಕ್ಕೂ ಕಣ್ಣು ಮುಚ್ಚಿ ತಲೆದೂಗುವಾಗ ಮಗ ತೋಳು ಜಗ್ಗಿ, ‘ಇದು ಅದೇ ಹಾಡಾ ಅಪ್ಪ?’ ಎಂದು ಕೇಳಿದರೆ ಸಿಡುಕಬೇಡಿ. ಅದೇ ತಂಡದ ಹಳೆಯ ಕಾರ್ಯಕ್ರಮವೊಂದರ ದೃಶ್ಯಮುದ್ರಿಕೆಯನ್ನು ಈಗಲೇ ಅವನೊಡನೆ ಕುಳಿತು ನೋಡಿ, ಯಾವ ವಾದ್ಯ ಯಾರ ಕೈಯಲ್ಲಿದೆ ಎಂಬುದನ್ನು ಅವನೇ ಗುರುತಿಸಲಿ. ಮದುವೆಮನೆಯ ವಾಲಗಕ್ಕೆ ದೊಡ್ಡವರ ನಡುವೆ ನುಗ್ಗಿ ಕುಣಿಯುವ ಕೊಡಗಿನ ಮಕ್ಕಳಿಗೆ ತಾಳವನ್ನು ಯಾರೂ ಕಲಿಸಬೇಕಾಗಿಲ್ಲ; ಅವನ ಗಮನವೆಲ್ಲ ಡ್ರಮ್ಸ್‌ನತ್ತಲೇ ಹೋದರೆ ಹೋಗಲಿ ಬಿಡಿ. ನಿಮ್ಮ 2003ರ ಪುಳಕವೇ ಅವನಿಗೂ ಆಗಬೇಕೆಂದು ಹಟ ಹಿಡಿದರೆ ಅವನು ನಿಮ್ಮ ಮುಖ ನೋಡಿ ಸಂತೋಷವನ್ನು ನಟಿಸಿಯಾನು. ಅರ್ಧದಲ್ಲೇ ‘ಸಾಕು’ ಎಂದರೆ ಟಿಕೆಟ್ಟಿನ ಬೆಲೆಯ ಮಾತೆತ್ತದೆ ಎದ್ದು ಬನ್ನಿ.

ಕಾರ್ಯಕ್ರಮ ಮುಗಿದ ರಾತ್ರಿಯೇ ಊರಿಗೆ ಹೊರಡಬೇಡಿ. ಆನೆಚೌಕೂರು, ತಿತಿಮತಿಯ ಕಾಡುದಾರಿಯಲ್ಲಿ ನಿದ್ದೆಗಣ್ಣಿನಲ್ಲಿ ಆನೆಗೆ ಎದುರಾಗುವುದು ಏನೆಂದು ನಿಮಗೆ ಹೇಳಬೇಕಾಗಿಲ್ಲ. ಮರುದಿನವೂ ಕಿವಿ ಗುಂಯ್ಗುಡುತ್ತಿದೆ ಎಂದು ಮಗ ಹೇಳಿದರೆ ತಡಮಾಡದೆ ಕಿವಿಯ ತಜ್ಞರಿಗೆ ತೋರಿಸಿ.