ಅನುದಾನ ತಡೆದರಷ್ಟೇ ಸಾಲದು

ರಾಜ್ಯದ ಸಾರಿಗೆ ಹಣಕ್ಕೆ ಝೋನಿಂಗ್ (ಯಾವ ಜಾಗದಲ್ಲಿ ಏನು, ಎಷ್ಟು ಕಟ್ಟಬಹುದೆಂಬ ನಿಯಮ) ಸುಧಾರಣೆಯ ಷರತ್ತು ಹಾಕಿದರೆ ಪಟ್ಟಣಗಳು ಒಪ್ಪುತ್ತವೆಯೇ ಎಂದು ಕೇಳಿದ್ದೀರಿ. ಎಲ್ಲವೂ ಒಪ್ಪುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ನೋಡಿ. ಅಲ್ಲಿನ 2021ರ ಕಾನೂನಿನಂತೆ ಬಾಸ್ಟನ್ ಪ್ರದೇಶದ ಸಾರಿಗೆ ಜಾಲಕ್ಕೆ ಸೇರಿದ 177 ಪಟ್ಟಣಗಳು, ವಿಶೇಷ ಅನುಮತಿಯಿಲ್ಲದೆ ಬಹುಕುಟುಂಬ ವಸತಿ ಕಟ್ಟಬಹುದಾದ ವಲಯವನ್ನು ಗುರುತಿಸಬೇಕು: ಎಕರೆಗೆ ಕನಿಷ್ಠ 15 ಮನೆ, ನಿಲ್ದಾಣವಿದ್ದಲ್ಲಿ ಅದರಿಂದ ಅರ್ಧ ಮೈಲಿಯೊಳಗೆ, ನಿವಾಸಿಗಳ ವಯಸ್ಸಿಗೆ ನಿರ್ಬಂಧವಿಲ್ಲದೆ. ತಪ್ಪಿದರೆ ಮೂಲಸೌಕರ್ಯದ ಕೆಲವು ಅನುದಾನಗಳಿಲ್ಲ.

ತೊಡಕಿರುವುದು ಇಲ್ಲೇ. ಆಸ್ತಿ ತೆರಿಗೆ ಧಾರಾಳವಾಗಿ ಬರುವ ಪಟ್ಟಣಕ್ಕೆ ಆ ಅನುದಾನ ಹೋದರೂ ನಡೆಯುತ್ತದೆ. ಬಾಸ್ಟನ್ ಪಕ್ಕದ ಮಿಲ್ಟನ್ ಪಟ್ಟಣದ ಮತದಾರರು 2024ರಲ್ಲಿ ವಲಯ ಯೋಜನೆಯನ್ನೇ ತಿರಸ್ಕರಿಸಿದರು. 2025ರ ಜನವರಿಯಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಕಾನೂನನ್ನು ಎತ್ತಿಹಿಡಿದು, ಪಾಲಿಸದ ಪಟ್ಟಣಗಳ ಮೇಲೆ ಅಟಾರ್ನಿ ಜನರಲ್ (ರಾಜ್ಯದ ಮುಖ್ಯ ಕಾನೂನು ಅಧಿಕಾರಿ) ದಾವೆ ಹೂಡಬಹುದೆಂದಿತು. ಆದರೆ ಕಾನೂನು ಜಾರಿಗೆ ಸರ್ಕಾರ ಕೊಟ್ಟಿದ್ದ ಮಾರ್ಗಸೂಚಿಗಳನ್ನು ವಿಧಿಬದ್ಧವಾಗಿ ಹೊರಡಿಸಿರಲಿಲ್ಲವಾದ್ದರಿಂದ ಅವು ಬಿದ್ದುಹೋದವು. ಸರ್ಕಾರ ತುರ್ತು ನಿಯಮ ತರಬೇಕಾಯಿತು.

ಆದ್ದರಿಂದ ಸಾಂದ್ರತೆ, ದೂರ, ಗಡುವು ಮೂರನ್ನೂ ಕಾನೂನಿನಲ್ಲೇ ಬರೆಯಿರಿ. ಷರತ್ತನ್ನು ಹೊಸ ರಸ್ತೆ, ಅಗಲೀಕರಣದ ಹಣಕ್ಕೆ ಹಾಕಿ. ಸೇತುವೆ ದುರಸ್ತಿ, ಬಸ್ ಸಂಚಾರದ ಹಣ ಮುಟ್ಟಲೇಬೇಡಿ. ಅದನ್ನು ತಡೆದರೆ ಪೆಟ್ಟು ಬೀಳುವುದು ಪ್ರಯಾಣಿಕರಿಗೆ. ಪಾರ್ಕಿಂಗ್, ಎತ್ತರ, ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ನಿಯಮಗಳನ್ನೂ ಪರಿಶೀಲಿಸಿ. ಮನೆಗೆ ಎರಡು ಕಾರಿನ ಜಾಗ ಕಡ್ಡಾಯವೆಂದರೆ ಎಕರೆಗೆ 15 ಮನೆ ಹಲವು ನಿವೇಶನಗಳಲ್ಲಿ ಕಾಗದದಲ್ಲೇ ಉಳಿಯುತ್ತದೆ.